ಸ್ವಚ್ಛತಾ ಮಂತ್ರಿಯ ಹುಟ್ಟುಹಬ್ಬ

ಮೈಸೂರಿನ ಶ್ರೀರಾಂಪುರದಲ್ಲಿ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ. ಅಂಗಳದಲ್ಲಿ ಒಂದು ಹೊಂಗೆ ಮರ, ಅದರ ಪಕ್ಕ ಧ್ವಜದ ಕಂಬ. ಬೆಳಗಿನ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತರೆ ಕಾಲ ಕೆಳಗೆ ಚಾಕೊಲೇಟ್ ಕವರುಗಳು ಸರಬರ ಎನ್ನುತ್ತಿದ್ದವು. ನಿಮ್ಮ ಮಕ್ಕಳ ಶಾಲೆಯಲ್ಲೂ ಹೀಗೇ ಇದ್ದೀತು.

ಈ ಕವರುಗಳು ಬರುತ್ತಿದ್ದದ್ದು ಎಲ್ಲಿಂದ ಎಂದರೆ ನಿಮಗೆ ನಗು ಬರಬಹುದು. ಹುಟ್ಟುಹಬ್ಬದಿಂದ. ಯಾರ ಹುಟ್ಟುಹಬ್ಬವಾದರೂ ಆ ಮಗು ಅಂದು ಯೂನಿಫಾರಂ ಬಿಟ್ಟು ಬಣ್ಣದ ಬಟ್ಟೆ ಹಾಕಿಕೊಂಡು ಬರಬೇಕು. ಜೊತೆಗೊಬ್ಬ ಗೆಳತಿಯನ್ನೋ ಗೆಳೆಯನನ್ನೋ ಕರೆದುಕೊಂಡು ಒಂದೊಂದೇ ತರಗತಿಗೆ ಹೋಗಿ ಚಾಕೊಲೇಟ್ ಹಂಚಬೇಕು. ಮಕ್ಕಳಿಗೆ ಒಂದು, ಮಿಸ್‌ಗೆ ಎರಡು. ಚಾಕೊಲೇಟ್ ಬಾಯಿಗೆ ಹೋಗುತ್ತದೆ, ಕವರು ಕಿಟಕಿಯಿಂದ ಆಚೆ ಹೋಗುತ್ತದೆ. ಹುಟ್ಟುಹಬ್ಬವಿಲ್ಲದ ವಾರವೇ ಇರಲಿಲ್ಲ.

ಏಳನೇ ತರಗತಿಯ ಸಿಂಚನ ಆ ವರ್ಷ ಶಾಲಾ ಸಂಸತ್ತಿನ ಸ್ವಚ್ಛತಾ ಮಂತ್ರಿ. ಮಕ್ಕಳೇ ವೋಟು ಹಾಕಿ ಆರಿಸಿದ್ದರು. ಹುಡುಗಿ ಚುರುಕು. ಕಸಕ್ಕೆ ಅವಳೊಂದು ಉಪಾಯ ಕಂಡುಕೊಂಡಿದ್ದಳು. ಅಂಗಳದ ತಗ್ಗಿನ ಮೂಲೆಯಲ್ಲಿ, ಕಾಂಪೌಂಡ್ ಗೋಡೆಯ ಬುಡದಲ್ಲಿ, ಮಳೆನೀರು ಆಚೆಯ ಮೋರಿಗೆ ಹೋಗಲು ಒಂದು ಕಿಂಡಿ ಇದೆ. ಶನಿವಾರ ಬೆಳಿಗ್ಗೆ ಎಲ್ಲ ಕಸವನ್ನೂ ಅಲ್ಲಿಗೆ ಗುಡಿಸುವುದು, ಮೇಲಿಂದ ಬಕೆಟ್ಟಿನಲ್ಲಿ ನೀರು ಸುರಿಯುವುದು, ಪೊರಕೆಯಿಂದ ಒಳಕ್ಕೆ ದೂಡುವುದು. ಕಣ್ಣಿಗೆ ಕಾಣುವ ಕಸ ಮಾಯ.

"ನೀರು ಬಿಟ್ರೆ ಆಯ್ತು ಕಣ್ರೋ, ತಾನೇ ಹೋಗುತ್ತೆ," ಎನ್ನುತ್ತಿದ್ದಳು.

ಶಾಲೆ ನೋಡಲು ಬಂದ ಸಾಹೇಬರೊಬ್ಬರು ಅಂಗಳ ನೋಡಿ ಮೆಚ್ಚಿದರು. ಸ್ವಚ್ಛತಾ ಮಂತ್ರಿಗೆ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಸಿಂಚನಳ ಮುಖ ಅರಳಿತು.

ಆ ವಾರವೇ ಒಂದು ಸಂಜೆ ಮಳೆ ಹಿಡಿಯಿತು. ರಾತ್ರಿಯೆಲ್ಲ ಸುರಿಯಿತು.

ಬೆಳಿಗ್ಗೆ ನಲಿ-ಕಲಿ ಕೋಣೆಯ ಬಾಗಿಲು ತೆರೆದರೆ ಒಳಗೆಲ್ಲ ನೀರು. ಒಂದನೇ ತರಗತಿಯಿಂದ ಮೂರನೇ ತರಗತಿಯವರೆಗಿನ ಪುಟ್ಟ ಮಕ್ಕಳು ಕೂರುವ ಕೋಣೆ ಅದು. ತಗ್ಗಿನಲ್ಲಿದೆ, ಕಿಂಡಿಯ ಪಕ್ಕವೇ ಇದೆ. ಆಚೆ ಹೋಗಬೇಕಾದ ನೀರು ಹಿಂದಕ್ಕೆ ತಿರುಗಿ ಒಳಗೆ ನುಗ್ಗಿತ್ತು. ಮಕ್ಕಳ ಓದಿನ ಕಾರ್ಡುಗಳು ತೇಲುತ್ತಿದ್ದವು. ಚಾಪೆಗಳು ನೆನೆದು ಭಾರವಾಗಿದ್ದವು. ದಾರಕ್ಕೆ ತೂಗುಹಾಕಿದ್ದ ಚಿತ್ರಗಳು ಕೆಳಗೆ ಬಿದ್ದು ಬಣ್ಣ ಬಿಟ್ಟಿದ್ದವು. ಸಿಂಚನಳ ತಂಗಿ ಧರಣಿ ಒಂದನೇ ತರಗತಿ. ಅವಳು ಹೊಸಿಲ ಮೇಲೆ ನಿಂತು ಅಳುವುದೋ ನೀರಿಗೆ ಇಳಿಯುವುದೋ ತಿಳಿಯದೆ ಅಕ್ಕನ ಮುಖ ನೋಡುತ್ತಿದ್ದಳು.

ಮಕ್ಕಳನ್ನು ಬಿಡಲು ಬಂದ ತಂದೆತಾಯಂದಿರೂ ನೋಡಿದರು. ಸಿಂಚನಳ ಅಪ್ಪ ದಿಲೀಪ್ ಆಟೋ ಓಡಿಸುತ್ತಾರೆ. ಆಟೋ ನಿಲ್ಲಿಸಿ ಒಳಗೆ ಬಂದವರು ಮುಖ್ಯೋಪಾಧ್ಯಾಯಿನಿ ವೇದವತಿ ಮಿಸ್‌ಗೆ ನೇರವಾಗಿಯೇ ಹೇಳಿದರು.

"ಮೇಡಂ, ನಿಮ್ಮ ಮೇಲೆ ಗೌರವ ಇದೆ. ಆದ್ರೆ ಇನ್ನೊಂದ್ಸಲ ಇಂಗೆ ನೀರು ನುಗ್ಗಿದ್ರೆ ನಾನು ಧರಣಿ ಟಿಸಿ ತಗೊಂಡ್ಬುಡ್ತೀನಿ. ಚಿಕ್ಕ ಮಗು, ಜ್ವರಗಿರ ಬಂದ್ರೆ ಯಾರು ಜವಾಬ್ದಾರಿ?"

"ನಮ್ದೂ ಅದೇ ಮಾತು," ಎಂದರು ಪಕ್ಕದಲ್ಲಿದ್ದ ಇನ್ನೂ ಕೆಲವರು.

ಪುಟ್ಟ ಮಕ್ಕಳೆಲ್ಲ ಹೋಗಿಬಿಟ್ಟರೆ ಶಾಲೆಯಲ್ಲಿ ಉಳಿಯುವುದು ಯಾರು? ಮಿಸ್ ಮೊಬೈಲ್ ತೆಗೆದರು. ಪಾಲಿಕೆಯ ವಾರ್ಡ್ ಆಫೀಸಿಗೆ ಫೋನ್ ಮಾಡಿದರು. ಕೈಗವಸು, ಬೂಟು ಹಾಕಿದ ಕೆಲಸಗಾರರು ಬಂದು ಮೋರಿಯ ಚಪ್ಪಡಿ ಎತ್ತಿದರು. ಮಕ್ಕಳು ದೂರ ನಿಂತು ನೋಡಿದರು.

"ಹತ್ರ ಬರ್ಬೇಡಿ, ಕೈಯಂತೂ ಹಾಕ್ಲೇಬೇಡಿ," ಎಂದು ಮಿಸ್ ಅಡ್ಡ ನಿಂತಿದ್ದರು.

ಕಬ್ಬಿಣದ ಕೊಕ್ಕೆಗೆ ಸಿಕ್ಕಿ ಕಿಂಡಿಯಿಂದ ಹೊರಬಂದದ್ದು ಮಣ್ಣಲ್ಲ, ಕಲ್ಲಲ್ಲ. ದಿಂಬಿನ ಹಾಗೆ ಒತ್ತಿಕೊಂಡ ಒಂದು ಮುದ್ದೆ. ಕೆಸರು ತೊಳೆದಂತೆ ಬಣ್ಣ ಕಾಣಿಸಿತು. ಹಸಿರು, ಕೆಂಪು, ಬಂಗಾರದ ಬಣ್ಣ.

"ಲೋ, ಆ ಬಂಗಾರದ್ದು ನನ್ ಬರ್ತ್‌ಡೇದು ಕಣೋ!" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು.

ಸಿಂಚನ ನಗಲಿಲ್ಲ. ಅವನ ಕವರನ್ನು ಅಲ್ಲಿಗೆ ದೂಡಿದ ಪೊರಕೆ ಯಾರ ಕೈಯಲ್ಲಿತ್ತೆಂದು ಅವಳಿಗೆ ಗೊತ್ತಿತ್ತು.

ಮಾರನೇ ದಿನ ಶಾಲಾ ಸಂಸತ್ತು ಸೇರಿತು. ಪುಟ್ಟ ಮಕ್ಕಳು ಹೊರಗೆ ಜಗಲಿಯಲ್ಲಿ, ಬಿಸಿಯೂಟದ ಕೋಣೆಯ ಪಕ್ಕ, ಕುಕ್ಕರಿನ ಕೂಗಿನ ನಡುವೆ ಅಕ್ಷರ ಓದುತ್ತಿದ್ದರು. ಆ ಸದ್ದು ಒಳಗೂ ಕೇಳುತ್ತಿತ್ತು.

"ಕಸವನ್ನ ಕಿಂಡಿಗೆ ದೂಡಿಸಿದ್ದು ನಾನೇ ಮಿಸ್," ಎಂದು ಸಿಂಚನ ಎದ್ದು ನಿಂತಳು. "ಇನ್ಮೇಲೆ ಹಂಗೆ ಮಾಡಲ್ಲ. ಏನ್ ಮಾಡ್ಬೇಕು ಅಂತ ಎಲ್ರೂ ಸೇರಿ ಹೇಳಿ."

"ಸುಟ್ಬುಡೋಣ," ಎಂದ ಮಂಟೇಸ್ವಾಮಿ. ಅವನು ಆಹಾರ ಮಂತ್ರಿ. ಊಟದ ಗಂಟೆ ಹೊಡೆಯುವ ಮುಂಚೆಯೇ ತಟ್ಟೆ ಹಿಡಿದು ನಿಲ್ಲುತ್ತಾನೆಂದು ಆ ಖಾತೆ ಕೊಟ್ಟಿದ್ದರು.

"ಪ್ಲಾಸ್ಟಿಕ್ ಸುಟ್ರೆ ಆ ಹೊಗೆ ಯಾರ ಮೂಗಿಗೆ ಹೋಗುತ್ತಪ್ಪ?" ಎಂದರು ಮಿಸ್. "ಜಗಲೀಲಿ ಕೂತಿದಾರಲ್ಲ, ಅವರಿಗೇ. ಅದು ವಿಷದ ಹೊಗೆ. ಸುಡೋ ಮಾತು ಬೇಡ."

"ಹಂಗಾದ್ರೆ ಡಬ್ಬ ಇಡೋಣ ಮಿಸ್."

"ಡಬ್ಬ ಈಗಾಗ್ಲೇ ಇದೆ. ಅದ್ರಲ್ಲಿ ನೀವು ಕ್ರಿಕೆಟ್ ಬ್ಯಾಟ್ ಇಟ್ಕೊಂಡಿದೀರಿ."

ಮತ್ತೆ ನಗು. ಬ್ಯಾಟನ್ನು ಹೊರಗಿಡುವುದೆಂದು ತೀರ್ಮಾನವಾಯಿತು. ಹಸಿ ಕಸಕ್ಕೆ ಒಂದು ಡಬ್ಬ, ಒಣ ಕಸಕ್ಕೆ ಇನ್ನೊಂದು. ಬಾಳೆಹಣ್ಣಿನ ಸಿಪ್ಪೆ, ಮೊಟ್ಟೆ ಸಿಪ್ಪೆ ಹೊಂಗೆ ಮರದ ಹಿಂದಿನ ಗೊಬ್ಬರದ ಗುಂಡಿಗೆ. ಪೇಪರು, ಪ್ಲಾಸ್ಟಿಕ್ಕು ಬೆಳಿಗ್ಗೆ ಬರುವ ಕಸದ ಗಾಡಿಗೆ. ಕಿಂಡಿಗೆ ಅಡ್ಡವಾಗಿ ಒಂದು ಕಬ್ಬಿಣದ ಜಾಲರಿ. ಜಾಲರಿಗೆ ಸಿಕ್ಕಿದ ಎಲೆ, ಕಡ್ಡಿಯನ್ನು ದಿನವೂ ಉದ್ದ ಹಿಡಿಯ ಪೊರಕೆಯಿಂದ ಈಚೆಗೆ ಎಳೆಯುವುದು.

"ಇಷ್ಟೇ ಸಾಲ್ದು," ಎಂದಳು ಸಿಂಚನ. "ಕವರೇ ಬರದಂಗೆ ಮಾಡ್ಬೇಕು. ಹುಟ್ಟುಹಬ್ಬಕ್ಕೆ ಕವರ್ ಸುತ್ತಿರೋದು ಯಾರೂ ತರ್ಬಾರ್ದು."

 ಕೂಡಲೇ ಗಲಾಟೆ ಎದ್ದಿತು.

"ಏನೇ ಸಿಂಚನ!" ಮಂಟೇಸ್ವಾಮಿ ಎದ್ದೇಬಿಟ್ಟ. "ಚಾಕ್ಲೇಟೇ ಇಲ್ಲ ಅಂದ್ಮೇಲೆ ಯಾಕಾದ್ರೂ ಹುಟ್ಬೇಕು?"

"ತಿನ್ನೋಕೇ ಹುಟ್ಟಿದೀಯಾ ನೀನು?"

"ಹೂಂ. ಮತ್ತೆ?" ಎಂದು ಅವನು ಸೊಂಟದ ಮೇಲೆ ಕೈ ಇಟ್ಟ. "ಸರಿ, ಮುಂದಿನ ಹುಟ್ಟುಹಬ್ಬ ಯಾರ್ದು ಹೇಳಿ. ಅವ್ರು ಪಾಲಿಸ್ಲಿ ನೋಡೋಣ."

ಸಿಂಚನ ತಲೆ ತಗ್ಗಿಸಿದಳು. "ನಂದೇ. ಸೋಮವಾರ."

"ಆಹಾ!" ಎಂದ ಮಂಟೇಸ್ವಾಮಿ. "ಹಂಗಾದ್ರೆ ಕೇಳಿ ಎಲ್ಲಾ. ಮಂತ್ರಿಗಳು ಚಾಕ್ಲೇಟ್ ತರದಿದ್ರೆ ನಾವೂ ತರಲ್ಲ. ಮಂತ್ರಿಗಳು ತಂದ್ರೆ ಈ ಕಾನೂನು ಕ್ಯಾನ್ಸಲ್. ಒಪ್ಗೆ ಇರೋರು ಕೈ ಎತ್ತಿ."

ಎಲ್ಲರ ಕೈಯೂ ಮೇಲೆ ಹೋಯಿತು. ಕೊನೆಗೆ ಸಿಂಚನಳದೂ.

ಸಂಜೆ ಮನೆಗೆ ಹೋದರೆ ಅಜ್ಜಿ ದೇವಿರಮ್ಮ ನಗುನಗುತ್ತಾ ಬಾಗಿಲಲ್ಲೇ ಕೂತಿದ್ದಾರೆ. ಮಡಿಲಲ್ಲಿ ದೊಡ್ಡ ದೊಡ್ಡ ಚಾಕೊಲೇಟ್ ಪ್ಯಾಕೆಟ್ಟುಗಳು. ಶಾಲೆಯ ಎದುರಿನ ಪುಟ್ಟಮಾದಯ್ಯನ ಅಂಗಡಿಯಿಂದ ತಂದದ್ದು.

"ಬಾ ನನ್ ಕಂದ. ಹೋದ್ ವರ್ಷ ನೀನು ಜ್ವರ ಬಂದು ಮಲಗ್ಬುಟ್ಟಿದ್ದೆ. ಈ ಸಲ ಇಡೀ ಇಸ್ಕೂಲ್ಗೇ ಹಂಚ್ಬೇಕು ನೀನು. ಬಂಗಾರದ್ ಕಾಗ್ದದ್ದೇ ಕೇಳಿ ತಂದಿವ್ನಿ."

ಸಿಂಚನ ಪ್ಯಾಕೆಟ್ಟುಗಳನ್ನು ಮುಟ್ಟಲಿಲ್ಲ. "ಅಜ್ಜಿ, ನಾನು ಚಾಕ್ಲೇಟ್ ಹಂಚಂಗಿಲ್ಲ," ಎಂದಳು. ಕಿಂಡಿಯ ಕಥೆ, ಸಂಸತ್ತಿನ ಕಥೆ ಎಲ್ಲ ಹೇಳಿದಳು.

ಅಜ್ಜಿಯ ಮುಖ ಚಿಕ್ಕದಾಯಿತು. "ಒಂದ್ ಚಾಕ್ಲೇಟ್ ಕಾಗ್ದಕ್ಕೆ ಮೋರಿ ಕಟ್ಕೊಳ್ತದಾ? ಊರ್ನೋರೆಲ್ಲ ಏನೇನೋ ಬಿಸಾಕ್ತಾರೆ. ಅವ್ರಿಗೆಲ್ಲ ಇಲ್ದಿರೋ ಕಾನೂನು ನನ್ ಮೊಮ್ಮಗಳಿಗ್ಯಾಕೆ?"

"ನಾನು ಕೈ ಎತ್ತಿದೀನಿ ಅಜ್ಜಿ."

"ಎತ್ತಿದ್ ಕೈ ಇಳ್ಸು. ಏನಾಯ್ತದೆ?"

"ಇಳ್ಸಿದ್ರೆ ಎಲ್ರೂ ಇಳಿಸ್ತಾರೆ. ಮತ್ತೆ ಕಿಂಡಿ ಕಟ್ಕೊಳ್ಳುತ್ತೆ. ಮತ್ತೆ ಮಳೆ ಬಂದ್ರೆ ಅಪ್ಪ ಧರಣಿ ಟಿಸಿ ತಗೋತಾರೆ."

ಅಜ್ಜಿ ಪ್ಯಾಕೆಟ್ಟುಗಳನ್ನು ನೆಲಕ್ಕಿಟ್ಟರು. "ನೋಡವ್ವ. ನಾನ್ ಹುಟ್ಟಿದ್ ದಿನ ಯಾವ್ದು ಅಂತ ನಂಗೇ ತಿಳೀದು. ರಾಗಿ ಕುಯ್ಯೋ ಕಾಲ್ದಲ್ಲಿ ಅಂತಿದ್ಲು ನಮ್ಮವ್ವ, ಅಷ್ಟೇಯ. ನಿನ್ನ ದಿನ ನಂಗೆ ಗೊತ್ತದೆ. ಆವತ್ತು ನೀನು ಬರಿಗೈಲಿ ಹೋಗೋದಾ?"

 ಸಿಂಚನ ತಲೆ ಅಲ್ಲಾಡಿಸಿದಳು. ಒಪ್ಪಿಗೆಯ ಹಾಗಲ್ಲ, ಇಲ್ಲ ಎನ್ನುವ ಹಾಗೆ.

ಅಂದು ಅಜ್ಜಿ ಸರಿಯಾಗಿ ಊಟ ಮಾಡಲಿಲ್ಲ. ದಿಲೀಪ್ ತಾಯಿಯ ಮುಖ, ಮಗಳ ಮುಖ ಎರಡನ್ನೂ ನೋಡಿ, "ನಾನು ಯಾವ ಪಾರ್ಟಿಗೂ ಸೇರಲ್ಲಪ್ಪ, ನಂಗೆ ಬಸ್ಸಾರು ಬಡಿಸಿ ಸಾಕು," ಎಂದರು. ಯಾರೂ ನಗಲಿಲ್ಲ.

ಮಾರನೇ ದಿನ ಶನಿವಾರ, ಬೆಳಗಿನ ಶಾಲೆ. ಧರಣಿಯನ್ನು ಕರೆದುಕೊಂಡು ಬರಲು ಅಜ್ಜಿ ಎಂದಿನಂತೆ ಗೇಟಿನ ಹತ್ತಿರ ಹೋದರು. ದಿನವೂ ಅಲ್ಲೇ ನಿಲ್ಲುವವರು. ಅಂದು ಮನಸ್ಸು ತಡೆಯಲಿಲ್ಲ. ಮೊಮ್ಮಗಳು ಇಷ್ಟು ಹಟ ಹಿಡಿದದ್ದು ಯಾಕೆಂದು ನೋಡಿಯೇಬಿಡೋಣ ಎಂದು ಒಳಗೆ ಬಂದರು.

ಜಗಲಿಯಲ್ಲಿ ಪುಟ್ಟ ಮಕ್ಕಳು ಒತ್ತೊತ್ತಾಗಿ ಕೂತಿದ್ದರು. ಕೋಣೆಯ ನೆಲ ಇನ್ನೂ ಒದ್ದೆ. ಧರಣಿ ಎದ್ದು ಬಂದು ಅಜ್ಜಿಯ ಸೆರಗು ಹಿಡಿದಳು.

"ಅಜ್ಜಿ, ನಿನ್ನ ಚಿತ್ರ ನೀರಲ್ಲಿ ಹೋಯ್ತು."

"ನನ್ನ ಚಿತ್ರವಾ? ಯಾರವ್ವ ಬರ್ದಿದ್ದು?"

"ನಾನೇ. ಮೂಗುಬೊಟ್ಟೂ ಹಾಕಿದ್ದೆ."

ಅಜ್ಜಿ ಮೂಗುಬೊಟ್ಟನ್ನು ಮುಟ್ಟಿಕೊಂಡರು. ವೇದವತಿ ಮಿಸ್ ಬಂದು, "ಬನ್ನಿ ಅಮ್ಮ, ಕೂತ್ಕೊಳಿ," ಎಂದರು.

"ಕೂರಾಕೆ ಬರ್ಲಿಲ್ಲ ಮೇಡಮ್ಮೋರೆ. ಆ ಕಿಂಡಿ ಎಲ್ಲದೆ, ತೋರ್ಸಿ."

ಮಿಸ್ ತೋರಿಸಿದರು. ಪಕ್ಕದಲ್ಲಿ ಗೋಣಿಚೀಲದ ಮೇಲೆ ಕಿಂಡಿಯಿಂದ ತೆಗೆದ ಕವರುಗಳನ್ನು ಕಸದ ಗಾಡಿಗೆ ಕೊಡಲು ಒಣಗಿಸಲು ಹಾಕಿದ್ದರು. ಅಜ್ಜಿ ಬಗ್ಗಿ ಕಿಂಡಿ ನೋಡಿದರು. ಕವರಿನ ರಾಶಿ ನೋಡಿದರು. ಮತ್ತೆ ಕಿಂಡಿ ನೋಡಿದರು. ಅವರು ಹುಟ್ಟಿ ಬೆಳೆದದ್ದು ನಂಜನಗೂಡಿನ ಕಡೆಯ ಹಳ್ಳಿಯಲ್ಲಿ. ಮದುವೆಯಾದ ಮೇಲೂ ಬಹಳ ವರ್ಷ ಗದ್ದೆ ಕೆಲಸ ಮಾಡಿದವರು.

"ಇದು ನಮ್ ಗದ್ದೆ ತೂಬಿದ್ದಂಗದೆ," ಎಂದರು ಮೆಲ್ಲಗೆ. "ನೀರ್ ಬುಡ್ತಿದ್ದೋಳು ನಾನು. ಮೊದ್ಲು ಒಂದ್ ಹಿಡಿ ಹುಲ್ಲು ಸಿಕ್ಕೊಳ್ತದೆ. ಹುಲ್ಲಿನ್ ಮ್ಯಾಲೆ ಎಲೆ ನಿಲ್ತದೆ. ಎಲೆ ಮ್ಯಾಲೆ ಕೆಸರು. ಆಮೇಲೆ ಮೇಲಿನ್ ಗದ್ದೆಯೆಲ್ಲ ಕೆರೆ."

"ಇಲ್ಲೂ ಆಗಿದ್ದು ಅದೇ ಅಮ್ಮ. ಹುಲ್ಲಾದ್ರೆ ಕೊಳೆತಾದ್ರೂ ಹೋಗುತ್ತೆ. ಈ ಪ್ಲಾಸ್ಟಿಕ್ ಕವರ್ ಕೊಳೆಯೋದಿಲ್ಲ. ಧರಣಿ ದೊಡ್ಡೋಳಾಗಿ ಅವಳ ಮಕ್ಕಳನ್ನ ಇಲ್ಲಿಗೆ ಸೇರ್ಸೋಕೆ ಬಂದ್ರೂ ಹಿಂಗೇ ಬಿದ್ದಿರುತ್ತೆ."

"ಮೊದ್ಲನೇ ಹಿಡಿ ಹುಲ್ಲು ಯಾರ್ದು ಅಂತ ತೂಬು ಕೇಳಾಕಿಲ್ಲ," ಎಂದರು ಅಜ್ಜಿ. ಅದು ಮಿಸ್‌ಗೆ ಹೇಳಿದ ಮಾತೋ, ತಮಗೇ ಹೇಳಿಕೊಂಡದ್ದೋ. ನಿನ್ನೆ ಮೊಮ್ಮಗಳಿಗೆ 'ಒಂದ್ ಚಾಕ್ಲೇಟ್ ಕಾಗ್ದಕ್ಕೆ' ಅಂದದ್ದು ಅವರಿಗೆ ನೆನಪಿದ್ದಿರಬೇಕು.

ಮಧ್ಯಾಹ್ನವೇ ಅಜ್ಜಿ ಚಾಕೊಲೇಟ್ ಪ್ಯಾಕೆಟ್ಟುಗಳನ್ನು ಎತ್ತಿಕೊಂಡು ಪುಟ್ಟಮಾದಯ್ಯನ ಅಂಗಡಿಗೆ ಹೋದರು. ಹಿಂದೆ ಸಿಂಚನ.

"ಪುಟ್ಟಮಾದಯ್ಯ, ಇದ ವಾಪಸ್ ತಗೋ."

"ಅಯ್ಯೋ ದೇವಿರಕ್ಕ, ಮಾರಿದ್ದನ್ನ ವಾಪಸ್ ತಗೊಳಾಕೆ ಇದೇನು ಸೀರೆ ಅಂಗಡಿಯಾ?"

"ದುಡ್ ಯಾರ್ ಕೇಳಿದ್ರು? ಬದ್ಲಿಗೆ ಬೆಲ್ಲ ಕೊಡು. ಹುರಿಗಡಲೆ ಕೊಡು. ಕಡ್ಲೆಬೀಜ, ಎಳ್ಳು, ಕೊಬ್ರಿ ಹಾಕು. ತಂಬಿಟ್ಟು ಮಾಡ್ತೀನಿ."

"ಇಸ್ಕೂಲ್ ಮಕ್ಳು ತಂಬಿಟ್ಟು ತಿಂತಾವಾ ಅಕ್ಕ? ಮುಖ ಸಿಂಡರಿಸ್ತಾವೆ."

"ನಿಂಗೆ ಕೊಡ್ತೀನಲ್ಲ, ನಿನ್ ಮುಖ ನೋಡ್ತೀನಿ ಮೊದ್ಲು."

ಪುಟ್ಟಮಾದಯ್ಯ ನಗುತ್ತಲೇ ತಕ್ಕಡಿ ಎತ್ತಿದ. ಆದರೂ ಅವನಿಗೊಂದು ಚಿಂತೆ. "ಅಲ್ಲಕ್ಕ, ಎಲ್ಲಾ ಮಕ್ಳೂ ಇಂಗೇ ಶುರು ಮಾಡ್ಬುಟ್ರೆ ನನ್ ಅಂಗಡಿ ಗತಿ ಏನು?"

"ಬೆಲ್ಲ ನಾವೇನು ಆಕಾಶದಿಂದ ಇಳಿಸ್ತೀವಾ? ನಿನ್ ಹತ್ರವೇ ಬರ್ಬೇಕು. ಚಾಕ್ಲೇಟ್ ಡಬ್ಬಿ ಹಿಂದಿಕ್ಕು, ಬೆಲ್ಲ ಮುಂದಿಕ್ಕು. ಅಂಗೇ ಅಂಗಡಿ ಮುಂದೆ ಒಂದ್ ಕಸದ್ ಡಬ್ಬ ಇಕ್ಕು. ನಿನ್ ಗಿರಾಕಿಗಳು ಬಿಸಾಕಿದ್ದೂ ಅದೇ ಮೋರಿಗೆ ಬರೋದು."

ಅವನು ತಲೆ ಕೆರೆದುಕೊಂಡ. ಸಂಜೆಯ ಹೊತ್ತಿಗೆ ಅಂಗಡಿಯ ಮುಂದೆ ಒಂದು ಹಳೆಯ ಎಣ್ಣೆ ಡಬ್ಬ ಬಂದು ಕೂತಿತ್ತು.

ಭಾನುವಾರ ಮನೆಯೆಲ್ಲ ಬೆಲ್ಲದ ಪಾಕದ ಘಮ. ಸಿಂಚನ, ಅಮ್ಮ, ಧರಣಿ ಎಲ್ಲರೂ ಕೈ ತೊಳೆದುಕೊಂಡು ಉಂಡೆ ಕಟ್ಟಿದರು. ಆಟೋ ನಿಲ್ಲಿಸಿ ಬಂದ ದಿಲೀಪ್ ಕೂಡ ಕೂತರು. ಅವರ ಉಂಡೆಗಳು ಒಂದೊಂದು ಒಂದೊಂದು ಗಾತ್ರ. "ಇದು ಮೀಟರ್ ಹಾಕ್ದೆ ಕಟ್ಟಿರೋದು," ಎಂದು ಅಜ್ಜಿ ಅಣಕಿಸಿದರು. ಅಂದು ಮನೆಯಲ್ಲಿ ಎಲ್ಲರೂ ನಕ್ಕರು.

ಸೋಮವಾರ ಸಿಂಚನ ನೀಲಿ ಲಂಗ ತೊಟ್ಟು, ಬಟ್ಟೆ ಮುಚ್ಚಿದ ಸ್ಟೀಲ್ ಡಬರಿ ಹಿಡಿದು ಒಂದೊಂದೇ ತರಗತಿಗೆ ಹೋದಳು.  ಮಕ್ಕಳು ನಕ್ಕುಬಿಟ್ಟರೆ? ಅಜ್ಜಿ ಇಷ್ಟು ಕಷ್ಟಪಟ್ಟಿದ್ದಾರೆ.

"ಎಲ್ರೂ ಕೈ ತೊಳ್ಕೊಂಡು ಬನ್ನಿ," ಎಂದಳು.

ಮಂಟೇಸ್ವಾಮಿ ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಮೂಸಿದ. ಬಾಯಿಗೆ ಹಾಕಿಕೊಂಡ. ಎಲ್ಲರೂ ಅವನ ದವಡೆಯನ್ನೇ ನೋಡುತ್ತಿದ್ದರು. ಅವನು ನುಂಗಿ, ಮತ್ತೆ ಕೈ ಚಾಚಿದ.

"ಇನ್ನೊಂದು."

"ಒಬ್ರಿಗೆ ಒಂದೇ."

"ನಾನು ಆಹಾರ ಮಂತ್ರಿ ಕಣೇ!"

"ಅದಕ್ಕೇ ಒಂದೇ."

ತರಗತಿಯಲ್ಲಿ ನಗೆ ಎದ್ದಿತು. ಸಿಂಚನಳೂ ನಕ್ಕಳು. ಕಿಟಕಿಯಿಂದ ಆಚೆ ಎಸೆಯಲು ಅಂದು ಯಾರ ಕೈಯಲ್ಲೂ ಏನೂ ಇರಲಿಲ್ಲ.

ಊಟವಾದ ಮೇಲೆ ಚಾಮುಂಡಿ ಬೆಟ್ಟದ ಕಡೆಯಿಂದ ಮೋಡ ಕವಿಯಿತು. ಶಾಲೆ ಬಿಡುವ ಹೊತ್ತಿಗೆ ಮಳೆ ಬಂತು. ಆವತ್ತಿನ ರಾತ್ರಿಯ ಮಳೆಯ ಹಾಗೆಯೇ, ಅಂಗಳದ ಮಣ್ಣು ಕುಣಿಯುವಂತೆ ಸುರಿಯಿತು. ಪುಟ್ಟ ಮಕ್ಕಳು ಅಂದಷ್ಟೇ ತಮ್ಮ ಕೋಣೆಗೆ ಮರಳಿದ್ದರು. ದೊಡ್ಡ ಮಕ್ಕಳು ಜಗಲಿಯಲ್ಲಿ ನಿಂತು ಕಿಂಡಿಯನ್ನೇ ನೋಡಿದರು.  

ಕೆಂಪು ನೀರು ಅಂಗಳ ತುಂಬ ಹರಿದು ಬಂತು. ಹೊಸದಾಗಿ ಹಾಕಿಸಿದ್ದ ಜಾಲರಿಯ ಮುಂದೆ ಎಲೆ, ಕಡ್ಡಿ ಸೇರಿಕೊಂಡು ನೀರು ಕೊಂಚ ನಿಂತಿತು. ಸಿಂಚನ ಕೊಡೆ ಹಿಡಿದು ಓಡಿ, ಉದ್ದ ಪೊರಕೆಯಿಂದ ಎಲೆಗಳನ್ನು ಈಚೆಗೆ ಎಳೆದಳು. ನೀರು ಗುಳಗುಳ ಎಂದು ಸದ್ದು ಮಾಡಿ ಕಿಂಡಿಯೊಳಗೆ ಇಳಿಯಿತು. ಇಳಿಯುತ್ತಲೇ ಇತ್ತು.

ಅಜ್ಜಿಯನ್ನು ಆಟೋದಲ್ಲಿ ಕೂರಿಸಿಕೊಂಡು ದಿಲೀಪ್ ಬಂದರು. ನೆನೆಯುತ್ತಲೇ ಓಡಿಬಂದು ನಲಿ-ಕಲಿ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ನೆಲ ಒಣಗಿತ್ತು. ಚಾಪೆಯ ಮೇಲೆ ಮಕ್ಕಳು ಕೂತಿದ್ದರು. ದಾರದಲ್ಲಿ ಒಂದು ಹೊಸ ಚಿತ್ರ ತೂಗುತ್ತಿತ್ತು. ಬಿಳಿ ಕೂದಲು, ಕೆಂಪು ಸೀರೆ, ಮುಖಕ್ಕಿಂತ ದೊಡ್ಡ ಮೂಗುಬೊಟ್ಟು.

"ಅಪ್ಪ," ಎಂದಳು ಹಿಂದೆ ನಿಂತ ಸಿಂಚನ. "ಟಿಸಿ?"

ದಿಲೀಪ್ ತಲೆಯ ನೀರು ಒರೆಸಿಕೊಂಡರು. "ಯಾವ ಟಿಸಿ? ನಡಿ, ನಿಮ್ಮಜ್ಜಿ ಆಟೋದಲ್ಲಿ ಕಾಯ್ತಾವ್ಳೆ. ಚಿತ್ರ ನೋಡಾಕೆ ಕೊಡೆ ಹಿಡ್ಕೊಂಡು ಕರ್ಕೊಂಬಾ."

ಆ ಶಾಲೆಯಲ್ಲಿ ಈಗ ಎಲ್ಲವೂ ಸರಿಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಗೊಮ್ಮೆ ಈಗೊಮ್ಮೆ ಯಾರಾದರೂ ಚಾಕೊಲೇಟ್ ತಂದೇ ತರುತ್ತಾರೆ. ಆಗ ಮಕ್ಕಳೇ ಕವರು ವಾಪಸ್ ಇಸಿದುಕೊಂಡು ಡಬ್ಬಕ್ಕೆ ಹಾಕುತ್ತಾರೆ. ಬಾಕಿಯವರು ಬಾಳೆಹಣ್ಣು, ಕಡ್ಲೆಪುರಿ, ಮನೆಯಲ್ಲಿ ಮಾಡಿದ ಉಂಡೆ ತರುತ್ತಾರೆ. ಏನೂ ತರಲಾಗದ ಮಗು ಒಂದು ಹಾಡು ಹೇಳುತ್ತದೆ. ಅದಕ್ಕೂ ಚಪ್ಪಾಳೆ ಸಿಗುತ್ತದೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮಗೆ ಗೊತ್ತಿಲ್ಲದ್ದನ್ನು ನಾವೇನೂ ಹೇಳಿಲ್ಲ. ಆದರೂ ಒಂದು ಕೆಲಸ ಮಾಡಿ. ನಾಳೆ ಮಗುವನ್ನು ಶಾಲೆಗೆ ಬಿಡಲು ಹೋದಾಗ ಗೇಟಿನಿಂದಲೇ ಹಿಂದಿರುಗಬೇಡಿ. ಒಳಗೆ ಹೋಗಿ, ಮಳೆನೀರು ಹೋಗುವ ಕಿಂಡಿ ಎಲ್ಲಿದೆ ಎಂದು ಕೇಳಿ ನೋಡಿ. ಅದರ ಮುಂದೆ ಬಣ್ಣದ ಕವರುಗಳು ಕಂಡರೆ ಶಾಲೆಯವರ ಜೊತೆ, ಮಕ್ಕಳ ಜೊತೆ ಕೂತು ಮಾತಾಡಿ. ಕಸವನ್ನು ಮೋರಿಗೆ ದೂಡಬೇಡಿ, ಸುಡಬೇಡಿ. ಹಸಿ ಕಸ, ಒಣ ಕಸ ಬೇರೆ ಮಾಡಿ ಗಾಡಿಗೆ ಕೊಡಿ. ನಿಮ್ಮ ಮಗುವಿನ ಹುಟ್ಟುಹಬ್ಬ ಬಂದಾಗ ಕವರಿಲ್ಲದ ಒಂದು ಸಿಹಿಯನ್ನು ಅದರ ಕೈಗೆ ಕೊಟ್ಟು ಕಳಿಸಿ.

ಮುಂದಿನ ಮಳೆ ಬರುವ ಮೊದಲೇ ಹೋಗಿ ನೋಡಿ ಬನ್ನಿ.